ಮೊದಲು ಕೊಳ್ಳುವುದು, ಆಮೇಲೆ ಸೇರಿಸುವುದು: ಕಡಿಮೆ ಖರ್ಚಿನ ಡೆಸ್ಕ್‌ಟಾಪ್ ಜೋಡಣೆಯ ಬಗ್ಗೆ

(ಧಾರವಾಡದ ಸಪ್ತಾಪುರದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೇಳುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಸ್ಥಳದಲ್ಲಿಯೇ ಸೇರಿಸಿದ್ದೇನೆ.)

ಕಳೆದ ವಾರ ಗದಗಿನ ವಿದ್ಯಾರ್ಥಿನಿಯೊಬ್ಬಳು ನನ್ನ ಕೈಗೆ ಒಂದು ಕೊಟೇಶನ್ ಚೀಟಿ ಕೊಟ್ಟಳು. ಗದಗ-ಬೆಟಗೇರಿಯಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ಅವಳ ತಂದೆಯವರೂ ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್ ಅಚ್ಚು ಹಾಕುವ ಸಣ್ಣ ಪ್ರೆಸ್ ನಡೆಸುತ್ತಾರೆ. ಮನೆಗೊಂದು ಕಂಪ್ಯೂಟರ್ ಬೇಕು, ಹಗಲು ಅದರಲ್ಲಿ ಪುಟವಿನ್ಯಾಸದ ಕೆಲಸ ನಡೆಯಬೇಕು, ಸಂಜೆ ಮಗಳ ಓದಿಗೆ ಆಗಬೇಕು, ಮಾನಿಟರ್ ಹೊರತುಪಡಿಸಿ ಖರ್ಚು ನಲವತ್ತು ಸಾವಿರ ರೂಪಾಯಿ ದಾಟಬಾರದು ಎಂಬುದು ಅವರ ಲೆಕ್ಕ. ಚೀಟಿಯಲ್ಲಿ ಐದು ಸಾಲುಗಳಿದ್ದವು: ಐ5 ಪ್ರೊಸೆಸರ್ ಮತ್ತು ಮದರ್‌ಬೋರ್ಡ್ (ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಹಲಗೆ); 8 ಜಿಬಿ ರ‍್ಯಾಮ್; 512 ಜಿಬಿ ಎಸ್‌ಎಸ್‌ಡಿ; 2 ಜಿಬಿ ಗ್ರಾಫಿಕ್ಸ್ ಕಾರ್ಡ್; ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ ಮಾಡಿಕೊಡುವ ಡಬ್ಬಿ) ಸಹಿತ ಗೇಮಿಂಗ್ ಕ್ಯಾಬಿನೆಟ್. "ಸರ್, ಇದು ಬರೋಬ್ಬರಿ ಐತೇನ್ರಿ?" ಎಂದು ಅವಳು ಕೇಳಿದಳು. ಇಂದಿನ ನನ್ನ ಮಾತೆಲ್ಲವೂ ಆ ಚೀಟಿಯನ್ನು ಮುಂದಿಟ್ಟುಕೊಂಡೇ ಸಾಗುತ್ತದೆ.

ಬಿಡಿಭಾಗಗಳಲ್ಲಿ ಎರಡು ಬಗೆಯವು ಇರುತ್ತವೆ. ಕೆಲವನ್ನು ಮುಂದೆ ಹಣ ಕೂಡಿದಾಗ ಹತ್ತು ನಿಮಿಷದಲ್ಲಿ ಸೇರಿಸಿಕೊಳ್ಳಬಹುದು: ಇನ್ನೊಂದು ರ‍್ಯಾಮ್, ಇನ್ನೊಂದು ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಈ ಬಗೆಯವು. ಮದರ್‌ಬೋರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಮಾತ್ರ ಹಾಗಲ್ಲ. ಅವುಗಳನ್ನು ಬದಲಿಸಬೇಕಾದರೆ ಇಡೀ ಯಂತ್ರವನ್ನು ಬಿಚ್ಚಿ ಹರವಬೇಕಾಗುತ್ತದೆ, ಅವು ಕೆಟ್ಟರೆ ಉಳಿದವನ್ನೂ ಕೆಡಿಸಬಹುದು. ಕೈಯಲ್ಲಿರುವ ಹಣ ಕಡಿಮೆಯಾದಷ್ಟೂ ಅದು ಮೊದಲು ಈ ಎರಡನೆಯ ಬಗೆಯ ಭಾಗಗಳಿಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಚೀಟಿಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿರಿ. 8 ಜಿಬಿ, 512 ಜಿಬಿ, 2 ಜಿಬಿ ಎಂದು ಸಂಖ್ಯೆಗಳಿರುವುದೆಲ್ಲ ಆಮೇಲೆ ಸೇರಿಸಬಹುದಾದ ಭಾಗಗಳಿಗೆ. ಮದರ್‌ಬೋರ್ಡಿಗೂ ಎಸ್‌ಎಂಪಿಎಸ್‌ಗೂ ಕಂಪನಿಯ ಹೆಸರಿಲ್ಲ, ಮಾದರಿಯ ಹೆಸರೂ ಇಲ್ಲ.

ಪ್ರೊಸೆಸರಿನಿಂದ ಆರಂಭಿಸುತ್ತೇನೆ. ಐ5 ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಲ್ಲಿ 2009ರಿಂದ ನಡೆದುಬಂದಿರುವ ಒಂದು ಮನೆತನದ ಹೆಸರು. ಆ ಮನೆತನದಲ್ಲಿ ಅಜ್ಜನೂ ಇದ್ದಾನೆ, ಮೊಮ್ಮಗನೂ ಇದ್ದಾನೆ. ಯಾರೆಂದು ತಿಳಿಯಬೇಕಾದರೆ ಪೂರ್ತಿ ಸಂಖ್ಯೆಯನ್ನು ಕೇಳಬೇಕು. ಐ5-3470 ಎಂದಿದ್ದರೆ ಅದು ಮೂರನೆಯ ತಲೆಮಾರಿನದು, 2012ರಲ್ಲಿ ಬಂದದ್ದು. ಐ5-12400 ಎಂದಿದ್ದರೆ ಹನ್ನೆರಡನೆಯ ತಲೆಮಾರಿನದು, 2022ರಲ್ಲಿ ಬಂದದ್ದು. ಅಂಗಡಿಗೆ ಫೋನ್ ಮಾಡಿಸಿ ವಿಚಾರಿಸಿದಾಗ ಚೀಟಿಯಲ್ಲಿದ್ದದ್ದು ಮೂರನೆಯ ತಲೆಮಾರಿನ ಐ5 ಎಂದು ತಿಳಿಯಿತು. ಬೋರ್ಡು ಹೊಸದಾಗಿ ತಯಾರಾದದ್ದೇ ಇರಬಹುದು, ಆದರೆ ಅದರ ಮೇಲೆ ಕೂರುವ ಪ್ರೊಸೆಸರ್ ಹಳೆಯದು, ಅದಕ್ಕೆ ಬೇಕಾದ ರ‍್ಯಾಮ್ ಕೂಡ ಹಳೆಯ ಬಗೆಯ ಡಿಡಿಆರ್3. ಅದಕ್ಕಿಂತ ಹನ್ನೆರಡನೆಯ ತಲೆಮಾರಿನ ಐ3-12100 ಎಷ್ಟೋ ಮುಂದಿದೆ. ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಕೆಲವೇ ಅಪವಾದಗಳನ್ನು ಬಿಟ್ಟರೆ ಇಂಟೆಲ್‌ನಲ್ಲಿ ಎಂಟನೆಯ ತಲೆಮಾರು ಮತ್ತು ಅದರ ಮೇಲಿನವುಗಳನ್ನು ಮಾತ್ರ. ಪ್ರೆಸ್ಸಿನ ತಂತ್ರಾಂಶಗಳು ವಿಂಡೋಸ್‌ನಲ್ಲಿಯೇ ನಡೆಯುವುದರಿಂದ ಈ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ.

ಸಭೆಯಲ್ಲಿ ಪಾಲಕರೊಬ್ಬರು, ಹಾಗಾದರೆ ಕಚೇರಿಗಳಲ್ಲಿ ಬಳಸಿ ತೆಗೆದ ಯಂತ್ರಗಳನ್ನು ಕೊಳ್ಳಲೇಬಾರದೇ ಎಂದು ಕೇಳಿದರು. ಖಂಡಿತ ಕೊಳ್ಳಬಹುದು. ಎಂಟನೆಯ ತಲೆಮಾರು ಅಥವಾ ಅದರ ಮೇಲಿನದೆಂದು ಖಚಿತಪಡಿಸಿಕೊಂಡರೆ ಓದು-ಬರಹಕ್ಕೆ ಅವು ಒಳ್ಳೆಯ ಯಂತ್ರಗಳೇ. ಆದರೆ ಅವುಗಳಲ್ಲಿ ಅನೇಕಕ್ಕೆ ಎಸ್‌ಎಂಪಿಎಸ್, ಬೋರ್ಡು ಎರಡೂ ಆ ಕಂಪನಿಯದೇ ಅಳತೆಯವಾಗಿರುತ್ತವೆ, ಪೇಟೆಯಲ್ಲಿ ಸಿಗುವ ಭಾಗ ಅಲ್ಲಿ ಕೂರುವುದಿಲ್ಲ. ಮುಂದೆ ಬೆಳೆಸಬೇಕೆಂಬ ಆಸೆ ಇದ್ದರೆ ಅದನ್ನು ಮೊದಲೇ ತಿಳಿದಿರಬೇಕು.

ಹೊಸದನ್ನೇ ಜೋಡಿಸುವುದಾದರೆ ಈ ಹಣಕ್ಕೆ ನನಗೆ ಎರಡು ದಾರಿಗಳು ಕಾಣುತ್ತವೆ. ಒಂದು, ಎಎಂಡಿಯ ರೈಜೆನ್ 5 5600ಜಿ. ಆರು ಕೋರ್‌ಗಳು (ಪ್ರೊಸೆಸರಿನೊಳಗೆ ಏಕಕಾಲಕ್ಕೆ ದುಡಿಯುವ ಘಟಕಗಳು), ಎಎಂ4 ಎಂಬ ಸಾಕೆಟ್ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ), ಡಿಡಿಆರ್4 ರ‍್ಯಾಮ್. ಇನ್ನೊಂದು, ಮೇಲೆ ಹೇಳಿದ ಐ3-12100. ನಾಲ್ಕು ಕೋರ್‌ಗಳು, ಎಲ್‌ಜಿಎ 1700 ಸಾಕೆಟ್. ಎಎಂ4 ಸಾಕೆಟ್ಟಿನ ನಂತರದ ಎಎಂ5 2022ರಲ್ಲಿಯೇ ಬಂದಾಗಿದೆ, ಆದ್ದರಿಂದ ಆ ದಾರಿಯಲ್ಲಿ ಇನ್ನು ಬಹಳ ದೂರ ಹೋಗಲಾಗದು. ಎಲ್‌ಜಿಎ 1700 ಬೋರ್ಡು ಹನ್ನೆರಡರಿಂದ ಹದಿನಾಲ್ಕನೆಯ ತಲೆಮಾರಿನವರೆಗಿನ ಪ್ರೊಸೆಸರ್‌ಗಳನ್ನು ಒಪ್ಪುತ್ತದೆ, ಇಂದು ಐ3 ಇಟ್ಟವರು ನಾಲ್ಕು ವರ್ಷದ ಮೇಲೆ ಅದೇ ಬೋರ್ಡಿಗೆ ಅಗ್ಗಕ್ಕೆ ಸಿಕ್ಕ ಐ5 ಹಾಕಿಕೊಳ್ಳಬಹುದು. ಆದರೂ ಪಿಡಿಎಫ್ ತಯಾರಿಸುವುದು, ದೊಡ್ಡ ಫೋಟೋ ತಿದ್ದುವುದು, ಚಿಕ್ಕ ವಿಡಿಯೋ ಜೋಡಿಸುವುದು ಇವೆಲ್ಲಕ್ಕೆ ಇಂದೇ ಆರು ಕೋರ್‌ಗಳ ಪ್ರಯೋಜನ ಸಿಗುವುದರಿಂದ ಈ ಮನೆಗೆ 5600ಜಿಯನ್ನೇ ನಾನು ಸೂಚಿಸಿದೆ.

ಇಲ್ಲಿ ಒಂದು ಅಕ್ಷರದ ಮೇಲೆ ಕಣ್ಣಿಡಬೇಕು. 5600ಜಿ ಒಳಗೆ ಗ್ರಾಫಿಕ್ಸ್ ಇದೆ, ಬರಿಯ 5600ರಲ್ಲಿ ಇಲ್ಲ. ಇಂಟೆಲ್‌ನಲ್ಲಿ ಇದು ತಿರುವುಮುರುವು: 12100ರಲ್ಲಿ ಗ್ರಾಫಿಕ್ಸ್ ಇದೆ, 12100ಎಫ್‌ನಲ್ಲಿ ಇಲ್ಲ. ಎಫ್ ಮಾದರಿ ತುಸು ಅಗ್ಗವೆಂದು ತಂದು, ಎಲ್ಲ ಜೋಡಿಸಿ, ಪರದೆಯ ಮೇಲೆ ಏನೂ ಮೂಡದೆ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡ ಹುಡುಗರನ್ನು ನಾನು ನೋಡಿದ್ದೇನೆ. ಬೋರ್ಡಿನ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಎಲ್‌ಜಿಎ 1700 ಬೋರ್ಡುಗಳಲ್ಲಿ ಕೆಲವು ಡಿಡಿಆರ್4 ರ‍್ಯಾಮಿಗೆ, ಕೆಲವು ಡಿಡಿಆರ್5 ರ‍್ಯಾಮಿಗೆ ಮಾಡಿದವು. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದೇ ಇಲ್ಲ. ಎಎಂ4 ಬೋರ್ಡು ಹಳೆಯ ದಾಸ್ತಾನಿನದಾಗಿದ್ದರೆ ಅದರ ಬಯೋಸ್ (ಯಂತ್ರ ಚಾಲೂ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) 5000 ಸರಣಿಯನ್ನು ಗುರುತಿಸುವಷ್ಟು ಹೊಸದಾಗಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಅಂಗಡಿಯಲ್ಲಿಯೇ ನವೀಕರಿಸಿಕೊಳ್ಳಬೇಕು. ಒಂದೊಂದು ಭಾಗವೂ ತಾನಾಗಿ ಚೆನ್ನಾಗಿದ್ದು ಒಂದಕ್ಕೊಂದು ಒಪ್ಪದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ.

ರ‍್ಯಾಮಿನ ವಿಷಯಕ್ಕೆ ನಮ್ಮ ಭಾಗದ ರೈತರಿಗೆ ವಿವರಣೆಯೇ ಬೇಡ, ಜೋಡೆತ್ತು ಎಂದರೆ ಸಾಕು. 16 ಜಿಬಿಯ ಒಂದೇ ಪಟ್ಟಿ ಹಾಕುವುದಕ್ಕಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿ ಇಮ್ಮಡಿಯಾಗುತ್ತದೆ. ಡಿಡಿಆರ್4-3200 ಪಟ್ಟಿ ಒಂದಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ, ಎರಡಿದ್ದರೆ 51.2 ಜಿಬಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು, ಆದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಂಡು ದುಡಿಯುವುದರಿಂದ ನಮ್ಮ ಬಗೆಯ ಯಂತ್ರದಲ್ಲಿ ಅದು ಎದ್ದು ಕಾಣುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ತೀರಾ ಏರಿದೆ ಎಂಬುದನ್ನು ನಾನು ಬಲ್ಲೆ. ಇಂದು ನಾನು ಯಾವ ಭಾಗದ ಬೆಲೆಯನ್ನೂ ಹೇಳದಿರುವುದಕ್ಕೆ ಇದೇ ಕಾರಣ, ಇವತ್ತಿನ ದರ ಮುಂದಿನ ತಿಂಗಳು ಉಳಿಯುತ್ತದೆ ಎಂದು ಹೇಳಲಾಗದು. ಎರಡಕ್ಕೂ ಹಣ ಸಾಲದಿದ್ದರೆ 8 ಜಿಬಿಯ ಒಂದನ್ನೇ ಹಾಕಿ, ಪಟ್ಟಿಯ ಮೇಲಿನ ಚೀಟಿಯ ಫೋಟೋ ತೆಗೆದಿಟ್ಟುಕೊಂಡು, ಅದೇ ಮಾದರಿಯ ಎರಡನೆಯದನ್ನು ಆಮೇಲೆ ತರಬಹುದು.

ಎಸ್‌ಎಸ್‌ಡಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹಳೆಯ ಬಗೆಯ ಸಾಟಾ ಜೋಡಣೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಪಿಸಿಐಇ 3.0 ಎಂಬ ವೇಗದ ದಾರಿಯ ಎನ್‌ವಿಎಂಇ ಬಗೆಯದು ಸುಮಾರು 3500 ಎಂಬಿ ಓದುತ್ತದೆ. ಬೋರ್ಡಿನ ಎಂ.2 ಕಿಂಡಿಯಲ್ಲಿ ಕೂರುವ ಎಸ್‌ಎಸ್‌ಡಿಗಳಲ್ಲಿ ಎರಡೂ ಬಗೆಯವು ಇರುವುದರಿಂದ ಆಕಾರ ನೋಡಿ ನಂಬಬಾರದು, ಮೇಲೆ ಬರೆದದ್ದನ್ನು ಓದಬೇಕು. 5600ಜಿ ಪಿಸಿಐಇ 3.0ವರೆಗೆ ಮಾತ್ರ ಹೋಗುತ್ತದೆ, ಅದಕ್ಕೆ 4.0 ಎಸ್‌ಎಸ್‌ಡಿ ಕೊಂಡರೆ ಹೆಚ್ಚಿಗೆ ಕೊಟ್ಟ ಹಣ ಕೆಲಸಕ್ಕೆ ಬಾರದು. ಪ್ರೆಸ್ಸಿನ ಹಳೆಯ ಹಾರ್ಡ್‌ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಅದನ್ನು ಎಸೆಯಬೇಡಿರಿ. ಲಗ್ನಪತ್ರಿಕೆಗಳ ಮೂಲ ಕಡತಗಳ ಇನ್ನೊಂದು ಪ್ರತಿ ಇಡಲು ಅದು ಬೇಕು.

ಈಗ ಎಸ್‌ಎಂಪಿಎಸ್. ಇಂದಿನ ಅರ್ಧ ಸಮಯವನ್ನು ಇದಕ್ಕೇ ಕೊಡಬೇಕೆಂದು ಮೊದಲೇ ನಿಶ್ಚಯಿಸಿದ್ದೆ, ಏಕೆಂದರೆ ಇದರಿಂದ ನಾನು ಪೆಟ್ಟು ತಿಂದಿದ್ದೇನೆ. ನಾನು ಜೋಡಿಸಿದ ಮೊದಲ ಕಂಪ್ಯೂಟರಿಗೆ ಕ್ಯಾಬಿನೆಟ್ಟಿನ ಜೊತೆ ಬಂದ ಎಸ್‌ಎಂಪಿಎಸ್ಸನ್ನೇ ಇಟ್ಟುಕೊಂಡಿದ್ದೆ. ಮೇಲೆ 450 ವಾಟ್ ಎಂದು ದೊಡ್ಡದಾಗಿ ಬರೆದಿತ್ತು. ಎರಡನೆಯ ಬೇಸಿಗೆಯಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ, ಕರೆಂಟ್ ಹೋಗಿ ಬಂದ ಗಳಿಗೆಯಲ್ಲಿ ಟಪ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂದಿತು. ಅದು ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ನಮ್ಮ ಅಜ್ಜಿಯ ಕೊನೆಯ ಯುಗಾದಿಯ ಫೋಟೋಗಳಿದ್ದವು, ಬೇರೆಲ್ಲಿಯೂ ಅವುಗಳ ಪ್ರತಿ ಇರಲಿಲ್ಲ. ರಿಪೇರಿಯವರು ಆ ಡಬ್ಬಿಯನ್ನು ಬಿಚ್ಚಿ ತೋರಿಸಿದಾಗ ನಾನು ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ: ವಿದ್ಯುತ್ ಒಳಬರುವ ಕಡೆ, ತಂತಿ ಸುತ್ತಿದ ಸುರುಳಿ ಮತ್ತು ಕೆಪಾಸಿಟರ್‌ಗಳು ಇರಬೇಕಾದ ಜಾಗದಲ್ಲಿ ಹಸಿರು ಹಲಗೆಯ ಮೇಲೆ ಅವುಗಳ ಗುರುತು ಮಾತ್ರ ಅಚ್ಚಾಗಿತ್ತು, ಆ ಗುರುತುಗಳ ಮೇಲೆ ತುಂಡು ತಂತಿಗಳನ್ನು ಅಡ್ಡಲಾಗಿ ಬೆಸುಗೆ ಹಾಕಿ ಸೇತುವೆ ಕಟ್ಟಿದ್ದರು. (ಇದನ್ನು ನೋಡಬೇಕೆಂದು ನೀವು ಯಾರೂ ಎಸ್‌ಎಂಪಿಎಸ್ ಬಿಚ್ಚಬೇಡಿರಿ. 230 ವೋಲ್ಟಿನ ವಿದ್ಯುತ್ತು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಾಗಿ ಕೂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.)

ಬಿಚ್ಚದೆಯೇ ತಿಳಿಯುವ ಉಪಾಯವಿದೆ. ಡಬ್ಬಿಯ ಬದಿಯ ಪಟ್ಟಿಯಲ್ಲಿ +12ವಿ ಎಂಬ ಅಂಕಣದ ಕೆಳಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ಇಂದಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಮಗೆ ಬೇಕಾದುದನ್ನು ಹೆಚ್ಚಾಗಿ ಈ 12 ವೋಲ್ಟಿನ ಸಾಲಿನಿಂದಲೇ ಎಳೆದುಕೊಳ್ಳುತ್ತವೆ. ಅಲ್ಲಿ 14 ಆಂಪಿಯರ್ ಎಂದಿದ್ದರೆ ಹನ್ನೆರಡರಿಂದ ಗುಣಿಸಿರಿ, 168 ವಾಟ್ ಆಯಿತು. ಹೊರಗೆ 450 ಎಂದು ಬರೆದಿರುವುದರ ಮಿಕ್ಕ ಭಾಗ ಈ ಸಾಲಿನಲ್ಲಿ ಇಲ್ಲವೇ ಇಲ್ಲ. ಅದೇ ನಿಜವಾದ 450 ವಾಟಿನ ಒಂದರ ಮೇಲೆ 36 ಆಂಪಿಯರ್ ಎಂದಿರುತ್ತದೆ, ಲೆಕ್ಕ ಹಾಕಿದರೆ 432 ವಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಯಂತ್ರ ಪೂರ್ತಿ ದುಡಿಯುವಾಗಲೂ 150 ವಾಟ್ ದಾಟದು, ಆದ್ದರಿಂದ ನಿಜವಾದ 450 ವಾಟ್ ಧಾರಾಳವಾಯಿತು, ಮುಂದೆ ಸಾಧಾರಣ ಕಾರ್ಡಿಗೂ ಜಾಗ ಉಳಿಯಿತು. 80 ಪ್ಲಸ್ ಎಂಬ ಗುರುತು 2004ರಿಂದ ಬಳಕೆಯಲ್ಲಿದೆ. ಅದರ ಮೊದಲ ದರ್ಜೆಯ ಅರ್ಥವೆಂದರೆ ಐದನೆಯ ಒಂದು ಭಾರವಿರಲಿ, ಅರ್ಧ ಭಾರವಿರಲಿ, ಪೂರ್ಣ ಭಾರವಿರಲಿ, ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಕನಿಷ್ಠ ನೂರಕ್ಕೆ 80ರಷ್ಟು ಯಂತ್ರಕ್ಕೆ ತಲುಪಿ ಉಳಿದದ್ದು ಮಾತ್ರ ಶಾಖವಾಗುತ್ತದೆ ಎಂಬುದು. ಈ ಗುರುತು ರಕ್ಷಣೆಯ ಬಗ್ಗೆ ಏನೂ ಹೇಳುವುದಿಲ್ಲ, ಆದರೆ ಅದು ನಿಜವಾಗಿ ಸಿಕ್ಕ ಎಸ್‌ಎಂಪಿಎಸ್‌ನೊಳಗೆ ಬರಿಯ ತಂತಿಯ ಸೇತುವೆಗಳಿರುವ ಸಂಭವ ಬಹಳ ಕಡಿಮೆ.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಸಂಗತಿ ಮನೆಯ ಅರ್ಥಿಂಗ್. ಮಾಳಮಡ್ಡಿಯ ಹಳೆಯ ಹೆಂಚಿನ ಮನೆಯೊಂದರಲ್ಲಿ ಹೊಸ ಎಸ್‌ಎಂಪಿಎಸ್ ಹಾಕಿಸಿದ ಮರುದಿನ ಮನೆಯವರು ಗಾಬರಿಯಾಗಿ ಕರೆದರು: ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಂ ಎನ್ನುತ್ತದೆ, ಹಳೆಯದರಲ್ಲಿ ಹೀಗಿರಲಿಲ್ಲ, ನೀವು ಕೊಟ್ಟದ್ದು ಕೆಟ್ಟ ಮಾಲು ಎಂದರು. ವಾಸ್ತವ ಅದಕ್ಕೆ ವಿರುದ್ಧವಾಗಿತ್ತು. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಫೇಸ್ ತಂತಿಯಿಂದ ಒಂದು, ನ್ಯೂಟ್ರಲ್ ತಂತಿಯಿಂದ ಒಂದು, ಹೀಗೆ ಎರಡು ಸಣ್ಣ ಕೆಪಾಸಿಟರ್‌ಗಳು ಲೋಹದ ಕವಚಕ್ಕೆ ಸೇರಿರುತ್ತವೆ. ವಿದ್ಯುತ್ತಿನ ಗದ್ದಲವನ್ನು ಅರ್ಥ್ ತಂತಿಯ ಮೂಲಕ ನೆಲಕ್ಕೆ ಇಳಿಸುವುದು ಅವುಗಳ ಕೆಲಸ. ಅರ್ಥ್ ತಂತಿ ಎಲ್ಲಿಯೂ ಸೇರದೆ ಹೋದಾಗ ಕವಚವು 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಜುಂ ಎನ್ನುತ್ತದೆಯೇ ಹೊರತು ಹೊಡೆಯುವುದಿಲ್ಲ. ಹಳೆಯ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಆ ಕೆಪಾಸಿಟರ್‌ಗಳೇ ಇರಲಿಲ್ಲ, ಆದ್ದರಿಂದ ಮನೆಯ ದೋಷ ಅಷ್ಟು ವರ್ಷ ಮುಚ್ಚಿಹೋಗಿತ್ತು. ಮೂರು ಕಾಲಿನ ಪ್ಲಗ್ಗಿದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಆ ಮನೆಯ ಸ್ವಿಚ್ ಬೋರ್ಡ್ ಬಿಚ್ಚಿದಾಗ ಮೇಲಿನ ತೂತಿಗೆ ತಂತಿಯೇ ಸೇರಿರಲಿಲ್ಲ. ಹಿತ್ತಲಿನಲ್ಲಿ ಇದ್ದಲು-ಉಪ್ಪು ತುಂಬಿದ ಗುಂಡಿ ತೋಡಿಸಿ ತಂತಿ ಎಳೆಸಿದ ಮೇಲೆ ಜುಂ ಎನ್ನುವುದು ನಿಂತಿತು.

ಯುಪಿಎಸ್ ಬೇಕೇ ಎಂದರೆ, ಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವಾಟ್ ಕೊಡುತ್ತದೆ. ಕೆಲಸ ಉಳಿಸಿ ಬಂದ್ ಮಾಡುವಷ್ಟು ಹೊತ್ತಿಗೆ ಅದು ಸಾಕು. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಜೋಡಿಸಬೇಡಿರಿ, ಅದು ಕಾಯುವಾಗ ಎಳೆಯುವ ವಿದ್ಯುತ್ತನ್ನು ಆ ಚಿಕ್ಕ ಬ್ಯಾಟರಿ ತಾಳದು.

ಕ್ಯಾಬಿನೆಟ್ಟಿನ ಬಗ್ಗೆ ನಮ್ಮ ಊರುಗಳ ಹವೆಯನ್ನು ನೋಡಿ ಮಾತನಾಡಬೇಕು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಯ ಕಂಪ್ಯೂಟರ್ ಪದೇ ಪದೇ ತಾನಾಗಿ ಬಂದ್ ಆಗುತ್ತಿತ್ತು. ಬಿಚ್ಚಿದರೆ ಪ್ರೊಸೆಸರಿನ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬ್ರಷ್ ಆಡಿಸಿದ ಕೂಡಲೇ ಅಂಗಡಿಯಲ್ಲಿದ್ದವರೆಲ್ಲ ಕೆಮ್ಮುತ್ತ ಹೊರಗೆ ಓಡಿದೆವು. ನರಗುಂದ, ನವಲಗುಂದದ ಕಡೆ ಬೇಸಿಗೆಯ ಗಾಳಿ ಎರೆಮಣ್ಣಿನ ಕರಿ ಧೂಳನ್ನು ಹೊತ್ತು ತರುತ್ತದೆ. ಮುಂಬದಿಯಲ್ಲಿ ಗಾಜಿನ ಹಲಗೆಯಿರುವ ಕ್ಯಾಬಿನೆಟ್ಟಿಗೆ ಗಾಳಿಯೇ ಸಿಗದು. ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯಬಹುದಾದ ಫಿಲ್ಟರ್, ಎರಡು ಫ್ಯಾನು ಇದ್ದರೆ ಸಾಕು. ಬಣ್ಣದ ದೀಪಗಳಿಗೆ ಹಣ ಕೊಟ್ಟು ಎಸ್‌ಎಂಪಿಎಸ್‌ನಲ್ಲಿ ಉಳಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಚೀಟಿಯ 2 ಜಿಬಿ ಗ್ರಾಫಿಕ್ಸ್ ಕಾರ್ಡನ್ನು ನಾನು ಪೂರ್ತಿ ಹೊಡೆದುಹಾಕಿದೆ. ಈ ದರದಲ್ಲಿ ಸಿಗುವವು ಜಿಟಿ 710, ಜಿಟಿ 730ರಂಥ ಹಳೆಯ ಕಾರ್ಡುಗಳು, 5600ಜಿ ಒಳಗಿರುವ ಗ್ರಾಫಿಕ್ಸ್ ಅವೆರಡಕ್ಕಿಂತಲೂ ಮುಂದಿದೆ. ಅಲ್ಲಿ ಉಳಿದ ಹಣವೇ ಒಳ್ಳೆಯ ಎಸ್‌ಎಂಪಿಎಸ್‌ಗೆ ಹೋಯಿತು. ಮಾನಿಟರಿನ ಬಗ್ಗೆ ಒಂದೇ ಮಾತು: ಲಗ್ನಪತ್ರಿಕೆಯ ಅರಿಶಿಣ-ಕುಂಕುಮದ ಬಣ್ಣ ಓರೆಯಿಂದ ನೋಡಿದಾಗಲೂ ಬದಲಾಗಬಾರದು, ಅದಕ್ಕೆ ಐಪಿಎಸ್ ಪರದೆಯೇ ಬೇಕು.

ಎಲ್ಲಿ ಕೊಳ್ಳಬೇಕು ಎಂಬ ಪ್ರಶ್ನೆ ಬಂದಿತು. ಬೋರ್ಡು ಮತ್ತು ಎಸ್‌ಎಂಪಿಎಸ್ಸನ್ನು ಹುಬ್ಬಳ್ಳಿಯ ಅಂಗಡಿಯಲ್ಲಿಯೇ ಕೊಳ್ಳುವುದು ನನಗೆ ಇಷ್ಟ, ಏಕೆಂದರೆ ಕೆಟ್ಟಾಗ ಧಾರವಾಡ-ಹುಬ್ಬಳ್ಳಿ ನಡುವಿನ ಚಿಗರಿ ಬಸ್ಸು ಹತ್ತಿ ಹೋಗಿ ಕೊಟ್ಟವರ ಮುಂದೆಯೇ ಇಡಬಹುದು. ಶೇಕಡಾ 18ರ ಜಿಎಸ್‌ಟಿ ಉಳಿಯುತ್ತದೆಂದು ಬಿಲ್ ಇಲ್ಲದೆ ಕೊಂಡರೆ ವಾರಂಟಿ ಕೇಳುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಪ್ರೊಸೆಸರನ್ನು ಮೊಹರು ಒಡೆಯದ ಡಬ್ಬಿಯಲ್ಲಿಯೇ ಕೇಳಿರಿ. 5600ಜಿಯ ಡಬ್ಬಿಯಲ್ಲಿ ಕೂಲರ್ ಇರುತ್ತದೆ, ಕಂಪನಿಯ ಮೂರು ವರ್ಷದ ವಾರಂಟಿಯೂ ಇರುತ್ತದೆ. ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರಿಗೆ ಕೂಲರ್ ಬರುವುದಿಲ್ಲ, ವಾರಂಟಿಗೆ ಅಂಗಡಿಯವರ ಮಾತೇ ಆಧಾರ.

ಮನೆಯಲ್ಲಿಯೇ ಜೋಡಿಸುವವರು ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಬಿಗಿಯುವ ಮುಂಚೆ ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ರ‍್ಯಾಮ್ ಇಷ್ಟನ್ನೇ ಕೂರಿಸಿ ಒಮ್ಮೆ ಚಾಲೂ ಮಾಡಿ ನೋಡಿರಿ. 24 ಪಿನ್ನಿನ ದೊಡ್ಡ ಕೇಬಲ್ ಹಾಕಿದವರು ಪ್ರೊಸೆಸರಿನ ಪಕ್ಕದ 8 ಪಿನ್ನಿನದನ್ನು ಮರೆಯುವುದು ಸಾಮಾನ್ಯ. ಪರದೆ ಮೂಡಿದ ಮೇಲೆ ಬಯೋಸ್‌ನಲ್ಲಿ ಎರಡೂ ರ‍್ಯಾಮ್ ಕಾಣುತ್ತಿವೆಯೇ, ವೇಗ 3200 ಎಂದಿದೆಯೇ ಎಂದು ನೋಡಬೇಕು. ಕೆಲವು ಪಟ್ಟಿಗಳು ಎಕ್ಸ್‌ಎಂಪಿ ಎಂಬ ಬಯೋಸ್ ಆಯ್ಕೆಯನ್ನು ಆನ್ ಮಾಡುವವರೆಗೆ ಕಡಿಮೆ ವೇಗದಲ್ಲಿಯೇ ನಡೆಯುತ್ತವೆ.

ಗದಗಿನ ಆ ಹುಡುಗಿ ಚೀಟಿಯ ಹಿಂಬದಿಯಲ್ಲಿ ಹೊಸ ಪಟ್ಟಿಯನ್ನು ತನ್ನ ಕೈಯಿಂದಲೇ ಬರೆದುಕೊಂಡಳು, ಪ್ರತಿ ಸಾಲಿನಲ್ಲಿಯೂ ಪೂರ್ತಿ ಮಾದರಿಯ ಸಂಖ್ಯೆ ಇದೆ. ಪ್ರೆಸ್ಸಿನ ಪಕ್ಕದ ಕೋಣೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೋ ಇಲ್ಲವೋ ಎಂಬುದು ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರುವ ಭಾನುವಾರ ವೈರಮನ್ ಬಂದು ನೋಡುತ್ತಾರಂತೆ. ಅವರು ನೋಡಿ ಹೋಗುವವರೆಗೆ ಹುಬ್ಬಳ್ಳಿಗೆ ಹೋಗಬೇಡಿರಿ ಎಂದು ಅವಳ ತಂದೆಯವರಿಗೆ ಹೇಳಿದ್ದೇನೆ.